ಕಾಣದ ಮರಿಗೆ ಕೊಟ್ಟ ಹಣ



ಪರದೆಯ ಮೇಲೆ ಒಂದು ಜಾಹೀರಾತು. ಅದರಲ್ಲಿ ಉದ್ದ ಕಿವಿಯ, ಮುದ್ದು ಮುಖದ ನಾಯಿಮರಿಯ ಚಿತ್ರ. ಬೆಲೆ ಪೇಟೆಯ ದರಕ್ಕಿಂತ ಬಹಳ ಕಡಿಮೆ. ಮಾರುವವರು ದೂರದ ಊರಿನವರು. ಹಣ ಕಳಿಸಿದರೆ ಮರಿ ವಿಮಾನದಲ್ಲಿ ಬರುತ್ತದೆ ಎನ್ನುತ್ತಾರೆ. ಹಣ ಹೋಗುತ್ತದೆ, ಮರಿ ಬರುವುದಿಲ್ಲ. ಏಕೆಂದರೆ ಮಾರುವವರ ಬಳಿ ಮರಿ ಇರಲೇ ಇಲ್ಲ. ಇದು ಅಂತರಜಾಲದೊಡನೆ ಹುಟ್ಟಿದ ಹೊಸ ಮೋಸವೆಂದು ಅನೇಕರು ತಿಳಿದಿದ್ದಾರೆ. ಆದರೆ ಇದರ ವಂಶಾವಳಿಯನ್ನು ಹುಡುಕುತ್ತ ಹೋದರೆ ಸುಮಾರು ಇನ್ನೂರು ವರ್ಷ ಹಿಂದಿನ ಫ್ರಾನ್ಸ್ ದೇಶವನ್ನು ತಲುಪುತ್ತೇವೆ.

ಪ್ಯಾರಿಸ್ಸಿನ ಪತ್ತೇದಾರಿ ದಳದ ಮೊದಲ ಮುಖ್ಯಸ್ಥನಾಗಿದ್ದ ವಿಡಾಕ್ ಒಂದು ಕಾಲಕ್ಕೆ ತಾನೇ ಸೆರೆಮನೆ ಕಂಡವನು. ಕಳ್ಳರ ವಿದ್ಯೆಗಳನ್ನು ಕುರಿತು 1830ರ ದಶಕದಲ್ಲಿ ಅವನು ಬರೆದ ಪುಸ್ತಕದಲ್ಲಿ ‘ಜೆರೂಸಲೇಮಿನ ಪತ್ರಗಳು’ ಎಂಬ ಮೋಸದ ವಿವರಣೆಯಿದೆ. ಕೈದಿಗಳು ಸೆರೆಮನೆಯಿಂದಲೇ ಶ್ರೀಮಂತರಿಗೆ ಪತ್ರ ಬರೆಯುತ್ತಿದ್ದರು. ಕ್ರಾಂತಿಯ ಕಾಲದಲ್ಲಿ ಓಡಿಹೋದ ಧಣಿಯೊಬ್ಬನ ಸೇವಕ ತಾನೆಂದೂ, ಚಿನ್ನ ತುಂಬಿದ ಪೆಟ್ಟಿಗೆಯನ್ನು ಒಂದೆಡೆ ಅಡಗಿಸಿದೆನೆಂದೂ, ಸ್ವಲ್ಪ ಹಣ ಕಳಿಸಿದರೆ ಅದರ ಗುಟ್ಟು ತಿಳಿಸುವೆನೆಂದೂ ಆ ಪತ್ರಗಳಲ್ಲಿ ಇರುತ್ತಿತ್ತು. ಇಂಥ ನೂರು ಪತ್ರಗಳಲ್ಲಿ ಇಪ್ಪತ್ತಕ್ಕೆ ಉತ್ತರ ಬರುತ್ತಿತ್ತೆಂದು ವಿಡಾಕ್ ಹೇಳುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇದೇ ಪತ್ರ ‘ಸ್ಪೇನಿನ ಕೈದಿ’ ಎಂಬ ಹೆಸರಿನಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಹಬ್ಬಿತು. 1980ರ ದಶಕದಲ್ಲಿ ನೈಜೀರಿಯಾದಿಂದ ಹೊರಟ ಪತ್ರಗಳಲ್ಲಿ ಚಿನ್ನದ ಪೆಟ್ಟಿಗೆಯ ಜಾಗಕ್ಕೆ ಬ್ಯಾಂಕಿನಲ್ಲಿ ಸಿಕ್ಕಿಬಿದ್ದ ಕೋಟಿಗಟ್ಟಲೆ ಹಣ ಬಂದಿತು. ಆ ದೇಶದ ದಂಡ ಸಂಹಿತೆಯ 419ನೆಯ ವಿಧಿಯ ಸಂಖ್ಯೆಯೇ ಈ ಮೋಸಕ್ಕೆ ಜಗತ್ತಿನಾದ್ಯಂತ ಹೆಸರಾಯಿತು. ಅಂಚೆ ಹೋಗಿ ಫ್ಯಾಕ್ಸ್ ಬಂತು, ಫ್ಯಾಕ್ಸ್ ಹೋಗಿ ಇ-ಮೇಲ್ ಬಂತು. ಮೋಸದ ಗಾಳ ಮಾತ್ರ ಬದಲಾಗಲಿಲ್ಲ: ಕಾಣದ ವಸ್ತುವಿಗೆ ಮುಂಗಡ ಹಣ.

ಅಂತರಜಾಲ ಮನೆಮನೆಗೆ ಬಂದ ಮೇಲೆ ವಂಚಕರು ಗಾಳದ ಎರೆಯನ್ನು ಬದಲಾಯಿಸಿದರು. ಚಿನ್ನದ ಪೆಟ್ಟಿಗೆಗೆ ಸಿಕ್ಕಿಬೀಳುವವರು ಆಸೆಬುರುಕರು ಮಾತ್ರ. ನಾಯಿಮರಿಗಾದರೋ ಪ್ರೀತಿಯುಳ್ಳ ಯಾರೂ ಸಿಕ್ಕಿಬೀಳಬಹುದು. ಅಮೆರಿಕದ ಗ್ರಾಹಕ ಸಂಸ್ಥೆಯಾದ ಬೆಟರ್ ಬಿಸಿನೆಸ್ ಬ್ಯೂರೋ 2017ರಲ್ಲಿ ಪ್ರಕಟಿಸಿದ ವರದಿಯು ಇಂಥ ಜಾಹೀರಾತುಗಳಲ್ಲಿ ಬಹುಪಾಲಿನ ಮೂಲ ಆಫ್ರಿಕಾದ ಕ್ಯಾಮರೂನ್ ಎಂದು ಗುರುತಿಸಿತು. ಕೆಲವರ ಅಪರಾಧವನ್ನು ಇಡೀ ದೇಶದ ತಲೆಗೆ ಕಟ್ಟುವುದು ತಪ್ಪೆಂಬುದನ್ನು ಇಲ್ಲಿ ಮರೆಯಬಾರದು. 2020ರಲ್ಲಿ ಕೋವಿಡ್ ಬಂದಾಗ ಮನೆಯೊಳಗೆ ಒಂಟಿಯಾದ ಜನ ಸಾಕುಪ್ರಾಣಿಗಳನ್ನು ಬಯಸಿದರು, ಹೋಗಿ ನೋಡುವಂತಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ದಾಖಲಾದ ಮೊಕದ್ದಮೆಯ ಪ್ರಕಾರ, ಮರಿಗೆ ಕೊರೊನಾ ಸೋಂಕಿನ ಭಯವಿದೆಯೆಂದು ಸುಳ್ಳು ಕಾಗದಪತ್ರ ತೋರಿಸಿ ಮತ್ತೆ ಹಣ ಕೇಳಲಾಗಿತ್ತು. 2022ರ ಏಪ್ರಿಲ್‌ನಲ್ಲಿ ಗೂಗಲ್ ಕಂಪನಿಯೇ ಬ್ಯಾಸೆಟ್ ಹೌಂಡ್ ಮರಿಗಳ ಸುಳ್ಳು ಮಾರಾಟದ ವಿರುದ್ಧ ಕ್ಯಾಲಿಫೋರ್ನಿಯಾದ ನ್ಯಾಯಾಲಯದ ಮೆಟ್ಟಿಲೇರಿತು.

ಕೊಳ್ಳುವವರು ಸಿಕ್ಕಿಬೀಳುವ ಬಗೆಯನ್ನು ಈಗ ನೋಡೋಣ. ಮೊದಲ ಮೆಟ್ಟಿಲು ಚಿತ್ರ. ಚಿತ್ರಗಳೊಡನೆಯೇ ದಿನ ಕಳೆಯುವ ನಮ್ಮಂಥ ದೂರದರ್ಶನದವರಿಗೆ ಒಂದು ಮಾತು ಗೊತ್ತು. ಚಿತ್ರವು ಒಂದು ಮರಿ ಎಲ್ಲೋ ಕ್ಯಾಮೆರಾದ ಎದುರಿಗಿತ್ತು ಎಂಬುದನ್ನಷ್ಟೇ ಹೇಳಬಲ್ಲದು. ಅದು ಯಾರದು, ಈಗ ಎಲ್ಲಿದೆ ಎಂಬುದನ್ನು ಹೇಳಲಾರದು. ಎರಡನೆಯ ಮೆಟ್ಟಿಲು ಮನಸ್ಸು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದಂತೆ ಮನೆಯವರು ಮರಿಗೆ ಹೆಸರಿಡುತ್ತಾರೆ, ಮಲಗಲು ಜಾಗ ಮಾಡುತ್ತಾರೆ. ಮೂರನೆಯದು ಎಲ್ಲಕ್ಕಿಂತ ಅಪಾಯದ ಮೆಟ್ಟಿಲು. ‘ಸಾಗಣೆ ಕಂಪನಿ’ಯಿಂದ ಕರೆ ಬರುತ್ತದೆ: ಮರಿ ವಿಮಾನ ನಿಲ್ದಾಣದಲ್ಲಿದೆ, ವಿಶೇಷ ಪಂಜರ ಬೇಕು, ವಿಮೆ ಬೇಕು, ಲಸಿಕೆ ಬೇಕು, ಈ ಹಣವೆಲ್ಲ ಆಮೇಲೆ ವಾಪಸಾಗುತ್ತದೆ. ಅನುಮಾನಿಸಿದರೆ, ಪ್ರಾಣಿಯನ್ನು ಅನಾಥವಾಗಿ ಬಿಟ್ಟ ಅಪರಾಧಕ್ಕೆ ಕೇಸು ಹಾಕುತ್ತೇವೆಂಬ ಬೆದರಿಕೆ.

ಒಮ್ಮೆ ಕೊಟ್ಟವರು ಮತ್ತೆ ಮತ್ತೆ ಏಕೆ ಕೊಡುತ್ತಾರೆ? 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನಾಟಕಗಳ ಇಡೀ ಋತುವಿನ ಟಿಕೆಟ್ಟನ್ನು ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಮಾರಲಾಯಿತು. ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕ ನೋಡಿದವರು ಪೂರ್ತಿ ಬೆಲೆ ತೆತ್ತವರು. ಹೋದ ಹಣ ವ್ಯರ್ಥವಾಗಬಾರದೆಂಬ ತವಕ ನಮ್ಮೆಲ್ಲರಲ್ಲೂ ಇದೆ. ವಂಚಕನ ಎರಡನೆಯ ಬೇಡಿಕೆ ನಿಂತಿರುವುದು ಈ ತವಕದ ಮೇಲೆ.

ಈ ಚರಿತ್ರೆಯ ಒಂದು ಅಧ್ಯಾಯ ನಮ್ಮ ನೆಲದಲ್ಲೂ ನಡೆದಿದೆ. 2021ರಲ್ಲಿ ಡೆಹ್ರಾಡೂನಿನ ಮಹಿಳೆಯೊಬ್ಬರು ಅಂತರಜಾಲದಲ್ಲಿ ಮರಿ ಕೊಳ್ಳಹೊರಟು, ಒಂದರ ಹಿಂದೊಂದು ಶುಲ್ಕ ತೆತ್ತು 66 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡರೆಂದು ದೂರಿತ್ತರು. ಉತ್ತರಾಖಂಡದ ಪೊಲೀಸರು ಆರೋಪಿಯನ್ನು ಬಂಧಿಸಿದ್ದು ನಮ್ಮ ಬೆಂಗಳೂರಿನಲ್ಲಿ.

ರಕ್ಷಣೆಯ ದಾರಿ ಕಷ್ಟದ್ದಲ್ಲ. ಮರಿಯನ್ನು ಕಣ್ಣಾರೆ ಕಂಡು, ತಾಯಿನಾಯಿಯನ್ನೂ ನೋಡಿದ ಮೇಲೆಯೇ ಹಣ ಕೊಡಬೇಕು. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಸಂಖ್ಯೆ ಕೇಳುವುದು ಕೊಳ್ಳುವವರ ಹಕ್ಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯುವ ಸಾಧ್ಯತೆ ಆಗ ಹೆಚ್ಚು.

ಕೊನೆಯದಾಗಿ ಒಂದು ಮಾತು. ಮೋಸಹೋದವರು ಮನೆಯವರ ನಗುವಿಗೆ ಅಂಜಿ ಸುಮ್ಮನಾಗುತ್ತಾರೆ; ಕೊಟ್ಟದ್ದನ್ನು ಮುಚ್ಚಿಡಲು ಇನ್ನಷ್ಟು ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಅಜ್ಜನೋ ಅತ್ತೆಯೋ ತಂಗಿಯೋ ಇಂಥ ಕರೆಯ ವಿಷಯ ಹೇಳಿದರೆ ದಯವಿಟ್ಟು ನಗಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ಎರಡನೆಯ ಕಂತಿನ ಹಣ ಉಳಿಯುವುದು ಅಲ್ಲಿಂದಲೇ.