ಯುಬ್ಲಾಕ್ ಒರಿಜಿನ್

ಅಂತರಜಾಲದ ಪುಟಗಳಲ್ಲಿನ ಜಾಹೀರಾತುಗಳನ್ನೂ ಬಳಕೆದಾರರ ಜಾಡು ಹಿಡಿಯುವ ಸ್ಕ್ರಿಪ್ಟುಗಳನ್ನೂ ತಡೆದು, ಪುಟಗಳು ಶೀಘ್ರವಾಗಿ ತೆರೆದುಕೊಳ್ಳುವಂತೆ ಮಾಡುವ, ಬ್ರೌಸರಿಗೆ ಜೋಡಿಸಿಕೊಳ್ಳಬಹುದಾದ ಉಚಿತ ಹಾಗೂ ಮುಕ್ತ ತಂತ್ರಾಂಶ. ರೇಮಂಡ್ ಹಿಲ್ ಎಂಬವರು 2014ರಲ್ಲಿ ಯುಬ್ಲಾಕ್ ಎಂಬ ಹೆಸರಿನಿಂದ ಹೊರತಂದ ಈ ಆಡ್-ಆನ್ 2015ರಿಂದ ಈಗಿನ ನಾಮಧೇಯವನ್ನು ತಳೆದಿದೆ. ವೃತ್ತಪತ್ರಿಕೆಯ ಪುಟವೊಂದನ್ನು ತೆರೆದೊಡನೆ ಬ್ರೌಸರು ಲೇಖನವನ್ನು ಮಾತ್ರವಲ್ಲದೆ ಅನ್ಯ ಸರ್ವರುಗಳಿಂದ ಚಿತ್ರ, ವಿಡಿಯೊ, ಸ್ಕ್ರಿಪ್ಟುಗಳನ್ನೂ ಬೇಡುವುದುಂಟು. ಈ ಸಾಧನವಾದರೋ ಅಂತಹ ಪ್ರತಿಯೊಂದು ಬೇಡಿಕೆಯನ್ನೂ ತಡೆಯಬೇಕಾದವುಗಳನ್ನು ನಮೂದಿಸಿದ ಈಸಿಲಿಸ್ಟ್ ಮೊದಲಾದ ಪಟ್ಟಿಗಳೊಡನೆ ತಾಳೆನೋಡಿ, ನಿಷಿದ್ಧವಾದುದನ್ನು ಹೊರಡುವ ಮೊದಲೇ ನಿರೋಧಿಸುವುದರಿಂದ ಡೇಟಾವೂ ಕಾಲವೂ ಒಮ್ಮೆಗೇ ಉಳಿಯುತ್ತವೆ. ಕ್ರೋಮ್ ಬ್ರೌಸರಿನ ಆಡ್-ಆನ್ ನಿಯಮಗಳು ಬದಲಾದ ಬಳಿಕ ಅಲ್ಲಿ ಲೈಟ್ ಎಂಬ ಸೀಮಿತ ರೂಪವೂ ಫೈರ್‌ಫಾಕ್ಸಿನಲ್ಲಿ ಪೂರ್ಣರೂಪವೂ ಬಳಕೆಯಲ್ಲಿವೆ. ಮಂದಗತಿಯ ಸಂಪರ್ಕವನ್ನೇ ನೆಚ್ಚಿದ ಸಾಮಾನ್ಯ ವಾಚಕರಿಗೆ ಇದು ಮಹೋಪಕಾರಿ. ಆದರೆ ಒಂದೇ ಕಾರ್ಯಕ್ಕೆ ಹಲವು ಆಡ್-ಆನ್‌ಗಳನ್ನು ಜೋಡಿಸಿದರೆ ಗಣಕದ ಮೆಮೊರಿಗೆ ಹೊರೆಯಾಗಿ ಉದ್ದೇಶವೇ ಭಂಗವಾದೀತು.