ನಾಯಿಗಳಲ್ಲಿ ಗುದಗ್ರಂಥಿಯ ತೊಂದರೆ: ಆಹಾರ ಮತ್ತು ಆರೈಕೆಯ ಮೂಲಕ ನಿರ್ವಹಣೆ

ಪೀಠಿಕೆ

ಹೊಲ, ತೋಟ, ಕೊಟ್ಟಿಗೆ ಹಾಗೂ ಕುರಿಹಟ್ಟಿಗಳನ್ನು ರಾತ್ರಿಯಿಡೀ ಕಾಯುವ ನಾಯಿಯ ಆರೋಗ್ಯವು ರೈತ ಕುಟುಂಬದ ಗಮನಕ್ಕೆ ಬರುವುದು ಬಹುತೇಕ ಎಲ್ಲಕ್ಕಿಂತ ಕೊನೆಯಲ್ಲಿ. ಹಸು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರಿಗೆ ಕರೆ ಹೋಗುತ್ತದೆ. ನಾಯಿಯು ತನ್ನ ಹಿಂಭಾಗವನ್ನು ನೆಲಕ್ಕೆ ತಿಕ್ಕುತ್ತಾ ಅಂಗಳದಲ್ಲಿ ಎಳೆದುಕೊಂಡು ಹೋದರೆ ಮಕ್ಕಳು ನಗುತ್ತಾರೆ. ಹಿರಿಯರು ಜಂತುಹುಳು ಆಗಿರಬೇಕೆಂದು ಒಂದು ಗುಳಿಗೆ ನುಂಗಿಸಿ ಸುಮ್ಮನಾಗುತ್ತಾರೆ. ಈ ವರ್ತನೆಗೆ ಜಂತುಹುಳುವಿಗಿಂತ ಹೆಚ್ಚಾಗಿ ಕಾರಣವಾಗುವುದು ಗುದದ್ವಾರದ ಇಕ್ಕೆಲಗಳಲ್ಲಿರುವ ಗ್ರಂಥಿಗಳು ಕಟ್ಟಿಕೊಳ್ಳುವುದು. ಆರಂಭದಲ್ಲಿಯೇ ಗುರುತಿಸಿದರೆ ಆಹಾರದ ಬದಲಾವಣೆ ಮತ್ತು ಸರಳ ಆರೈಕೆಯಿಂದ ಇದನ್ನು ಬಹುಮಟ್ಟಿಗೆ ಹತೋಟಿಯಲ್ಲಿಡಬಹುದು. ಅಲಕ್ಷಿಸಿದಲ್ಲಿ ಗ್ರಂಥಿಯಲ್ಲಿ ಕೀವು ತುಂಬಿ ಒಡೆದು, ಗಾಯದ ಮೇಲೆ ನೊಣ ಮೊಟ್ಟೆಯಿಟ್ಟು ಹುಳು ಬೀಳುವ ಹಂತಕ್ಕೂ ಹೋಗಬಹುದು.

ಗುದಗ್ರಂಥಿಗಳ ರಚನೆ ಮತ್ತು ಕಾರ್ಯ

ನಾಯಿಯನ್ನು ಹಿಂದಿನಿಂದ ನೋಡಿದಾಗ ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿದರೆ, ಸುಮಾರು 4 ಮತ್ತು 8 ಗಂಟೆಯ ಸ್ಥಾನಗಳಲ್ಲಿ ಚರ್ಮದ ಒಳಗೆ ಎರಡು ಸಣ್ಣ ಚೀಲಗಳಿರುತ್ತವೆ. ಇವು ಗುದದ ಒಳ ಮತ್ತು ಹೊರ ಸ್ನಾಯುಗಳ ನಡುವೆ ಸೇರಿಕೊಂಡಿರುತ್ತವೆ. ಪ್ರತಿಯೊಂದು ಚೀಲದಿಂದ ಒಂದು ಕಿರಿದಾದ ನಾಳವು ಹೊರಟು ಗುದದ್ವಾರದ ಅಂಚಿನಲ್ಲಿ ತೆರೆದುಕೊಳ್ಳುತ್ತದೆ. ಚೀಲದಲ್ಲಿ ಸಂಗ್ರಹವಾಗುವ ಕಟುವಾಸನೆಯ ದ್ರವವು ನಾಯಿಗಳು ಪರಸ್ಪರ ಗುರುತು ಹಿಡಿಯಲು ಮತ್ತು ತಮ್ಮ ಗಡಿಯನ್ನು ಸಾರಲು ನೆರವಾಗುತ್ತದೆ.

ಗಟ್ಟಿಯಾದ, ದಪ್ಪನೆಯ ಮಲವು ಹೊರಬರುವಾಗ ಚೀಲಗಳು ಒತ್ತಿಹೋಗಿ ದ್ರವವು ತಾನಾಗಿಯೇ ಖಾಲಿಯಾಗುತ್ತದೆ. ಮಲವು ಮೆತ್ತಗಿದ್ದರೆ ಅಥವಾ ಪ್ರಮಾಣ ಕಡಿಮೆಯಿದ್ದರೆ ಈ ಒತ್ತಡ ದೊರೆಯುವುದಿಲ್ಲ. ದ್ರವವು ಒಳಗೇ ಉಳಿದು ನೀರಿನಂಶ ಕಳೆದುಕೊಂಡು ಅಂಟಿನಂತಾಗಿ ನಾಳವನ್ನು ಮುಚ್ಚುತ್ತದೆ. ಈ ತೊಂದರೆಯ ನಿರ್ವಹಣೆಯಲ್ಲಿ ಆಹಾರಕ್ಕೆ ಮೊದಲ ಸ್ಥಾನವಿರುವುದು ಈ ಕಾರಣದಿಂದಲೇ.

ತೊಂದರೆಗೆ ಕಾರಣಗಳು

• ಪದೇ ಪದೇ ಆಗುವ ಭೇದಿ ಅಥವಾ ಮೆತ್ತನೆಯ ಮಲ
• ನಾರಿನಾಂಶವಿಲ್ಲದ ಆಹಾರ, ವಿಶೇಷವಾಗಿ ಬಿಳಿ ಅನ್ನ ಮತ್ತು ಹಾಲನ್ನೇ ನಿತ್ಯ ನೀಡುವುದು
• ಅತಿಯಾದ ದೇಹತೂಕ ಮತ್ತು ವ್ಯಾಯಾಮದ ಕೊರತೆ
• ಚರ್ಮದ ಅಲರ್ಜಿ ಅಥವಾ ಆಹಾರದ ಅಲರ್ಜಿಯಿಂದ ಗುದಭಾಗದಲ್ಲಿ ಉಂಟಾಗುವ ಉರಿಯೂತ
• ಹುಟ್ಟಿನಿಂದಲೇ ನಾಳ ಕಿರಿದಾಗಿರುವುದು. ಸಣ್ಣ ತಳಿಯ ನಾಯಿಗಳಲ್ಲಿ ಈ ತೊಂದರೆ ಹೆಚ್ಚು

ಲಕ್ಷಣಗಳು ಮತ್ತು ಹಂತಗಳು

ಮೊದಲ ಹಂತ (ಕಟ್ಟಿಕೊಳ್ಳುವಿಕೆ): ಹಿಂಭಾಗವನ್ನು ನೆಲಕ್ಕೆ ತಿಕ್ಕುವುದು, ಬಾಲದ ಬುಡವನ್ನು ಪದೇ ಪದೇ ನೆಕ್ಕುವುದು ಅಥವಾ ಕಚ್ಚಿಕೊಳ್ಳುವುದು, ಮಲಗಿದ ಜಾಗದಲ್ಲಿ ಕೊಳೆತ ಮೀನಿನಂತಹ ವಾಸನೆ.

ಎರಡನೆಯ ಹಂತ (ಸೋಂಕು): ಮಲ ವಿಸರ್ಜಿಸುವಾಗ ನೋವು, ಕೂರಲು ಹಿಂಜರಿಕೆ, ಗುದದ್ವಾರದ ಸುತ್ತ ಕೆಂಪಾಗುವುದು, ಹಳದಿ ಅಥವಾ ರಕ್ತಮಿಶ್ರಿತ ಸ್ರಾವ.

ಮೂರನೆಯ ಹಂತ (ಕೀವುಗಡ್ಡೆ): ಗುದದ್ವಾರದ ಒಂದು ಪಕ್ಕದಲ್ಲಿ ಕೆಂಪಾದ, ಬಿಸಿಯಾದ ಊತ, ಜ್ವರ, ಆಹಾರ ಬಿಡುವುದು. ಊತವು ಒಡೆದು ಪಕ್ಕದ ಚರ್ಮದಲ್ಲಿ ರಂಧ್ರವಾಗಿ ಕೀವು ಸೋರುತ್ತದೆ. ಮಳೆಗಾಲದಲ್ಲಿ ಇಂತಹ ಗಾಯಕ್ಕೆ ನೊಣದ ಹುಳು ಬೀಳುವ ಸಾಧ್ಯತೆ ಹೆಚ್ಚು. ಬಾಲದ ಕೆಳಗಿರುವುದರಿಂದ ಹುಳುಗಳು ಮಾಂಸವನ್ನು ಕೊರೆದು ಆಳಕ್ಕೆ ಇಳಿಯುವವರೆಗೂ ಗಾಯವು ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಇದೇ ಲಕ್ಷಣ ತೋರುವ ಇತರ ತೊಂದರೆಗಳು

• ಲಾಡಿಹುಳು: ಗುದದ ಸುತ್ತಲಿನ ಕೂದಲಿನಲ್ಲಿ ಅಥವಾ ಮಲದಲ್ಲಿ ಅಕ್ಕಿಕಾಳಿನಂತಹ ಬಿಳಿ ತುಣುಕುಗಳು ಕಾಣುತ್ತವೆ. ನಾಯಿಗಳ ಒಂದು ಸಾಮಾನ್ಯ ಲಾಡಿಹುಳು ಚಿಗಟಗಳ ಮೂಲಕ ಹರಡುವುದರಿಂದ ಗುಳಿಗೆಯೊಂದಿಗೆ ಚಿಗಟಗಳ ನಿಯಂತ್ರಣವೂ ಆಗಬೇಕು.
• ಚಿಗಟ ಮತ್ತು ಅಲರ್ಜಿ: ತುರಿಕೆಯು ಗುದಭಾಗಕ್ಕೆ ಸೀಮಿತವಾಗಿರದೆ ಬೆನ್ನಿನ ಹಿಂಭಾಗ, ಕಿವಿ, ಪಾದಗಳಲ್ಲಿಯೂ ಇರುತ್ತದೆ.
• ಮಲಬದ್ಧತೆ: ಹೆಚ್ಚು ಮೂಳೆ ತಿಂದ ನಾಯಿಯ ಮಲವು ಸುಣ್ಣದ ಉಂಡೆಯಂತೆ ಬಿಳಿಯಾಗಿ, ಒಣಗಿ, ಹೊರಬರಲು ತಿಣುಕಬೇಕಾಗುತ್ತದೆ.
• ಹರ್ನಿಯಾ: ಸಂತಾನಹರಣ ಚಿಕಿತ್ಸೆಯಾಗದ, ವಯಸ್ಸಾದ ಗಂಡುನಾಯಿಗಳಲ್ಲಿ ಗುದದ ಪಕ್ಕದಲ್ಲಿ ಮೆತ್ತನೆಯ ಊತವಾಗಿ ಕಾಣುತ್ತದೆ. ಇದನ್ನು ಕೀವುಗಡ್ಡೆಯೆಂದು ತಿಳಿದು ಒತ್ತಬಾರದು, ಚುಚ್ಚಬಾರದು.
• ಗ್ರಂಥಿಯ ಕ್ಯಾನ್ಸರ್: ವಯಸ್ಸಾದ ನಾಯಿಗಳಲ್ಲಿ ಗಟ್ಟಿಯಾದ, ಬಹುತೇಕ ನೋವಿಲ್ಲದ ಗಂಟು. ಕೆಲವು ನಾಯಿಗಳಲ್ಲಿ ರಕ್ತದ ಸುಣ್ಣದಂಶ ಹೆಚ್ಚಾಗಿ ಅತಿಯಾದ ಬಾಯಾರಿಕೆ ಮತ್ತು ಮೂತ್ರವಿಸರ್ಜನೆ ಕಂಡುಬರುತ್ತದೆ. ತಕ್ಷಣ ತಪಾಸಣೆ ಅಗತ್ಯ.

ಆಹಾರ ನಿರ್ವಹಣೆ

ಗುರಿ: ಮಲವು ಆಕಾರ ಕೆಡದೆ ಗಟ್ಟಿಯಾಗಿರಬೇಕು, ಆದರೆ ಒಣಗಿರಬಾರದು. ಎಲೆಯಿಂದ ಅಥವಾ ಸಲಿಕೆಯಿಂದ ಎತ್ತಿದಾಗ ನೆಲಕ್ಕೆ ಅಂಟದೆ ಬರಬೇಕು. ಬಿಟ್ಟು ಸಾಕಿದ ನಾಯಿಯ ಮಲವನ್ನು ಯಾರೂ ಗಮನಿಸುವುದಿಲ್ಲ. ಆದ್ದರಿಂದ ಒಂದು ವಾರ ನಾಯಿಯನ್ನು ಬೆಳಿಗ್ಗೆ ಕಟ್ಟಿಕೊಂಡೇ ಹೊರಗೆ ಕರೆದೊಯ್ದು ಮಲದ ಸ್ವರೂಪವನ್ನು ನೋಡಿಕೊಳ್ಳುವುದು ಮೊದಲ ಹೆಜ್ಜೆ.

ಧಾನ್ಯದ ಆಯ್ಕೆ: ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಒಟ್ಟು ನಾರಿನಾಂಶ 3 ಗ್ರಾಂಗಿಂತ ಕಡಿಮೆ. ಅಷ್ಟೇ ಪ್ರಮಾಣದ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಾಂಶವಿದೆ. ಹೀಗಾಗಿ ಅನ್ನದ ಭಾಗವನ್ನು ಕಡಿಮೆ ಮಾಡಿ, ಚೆನ್ನಾಗಿ ಬೇಯಿಸಿದ ರಾಗಿಯನ್ನು ಸೇರಿಸುವುದು ನಮ್ಮ ರೈತರಿಗೆ ಸುಲಭವಾಗಿ ಕೈಗೆಟುಕುವ ಪರಿಹಾರ. ಗಟ್ಟಿ ಮುದ್ದೆಗಿಂತ ಸಡಿಲವಾಗಿ ಬೇಯಿಸಿ ಇತರ ಆಹಾರದೊಂದಿಗೆ ಕಲಸಿ ನೀಡುವುದು ಉತ್ತಮ. ಆದರೆ ರಾಗಿಯೊಂದೇ ನಾಯಿಗೆ ಪೂರ್ಣಾಹಾರವಲ್ಲ. ಮೊಟ್ಟೆ, ಮಾಂಸ ಅಥವಾ ಮೀನಿನಂತಹ ಸಸಾರಜನಕದ ಮೂಲ ಜೊತೆಗಿರಲೇಬೇಕು.

ಸುಮಾರು 20 ಕಿ.ಗ್ರಾಂ ತೂಕದ, ಸಾಧಾರಣ ಚಟುವಟಿಕೆಯ ವಯಸ್ಕ ನಾಯಿಗೆ ದಿನವೊಂದರ ಮಾದರಿ ಆಹಾರ:

• ರಾಗಿ ಹಿಟ್ಟು – 120 ಗ್ರಾಂ (ಬೇಯಿಸುವ ಮೊದಲು)
• ಅಕ್ಕಿ – 50 ಗ್ರಾಂ (ಬೇಯಿಸುವ ಮೊದಲು)
• ಮೂಳೆರಹಿತ ಕೋಳಿಮಾಂಸ – 150 ಗ್ರಾಂ (ಬೇಯಿಸಿ)
• ಮೊಟ್ಟೆ – 2 (ಬೇಯಿಸಿ)
• ಸಿಹಿಗುಂಬಳ, ಗಜ್ಜರಿ ಅಥವಾ ಹುರುಳಿಕಾಯಿ – 100 ಗ್ರಾಂ (ಬೇಯಿಸಿ ಹಿಸುಕಿ)
• ಅಡುಗೆ ಎಣ್ಣೆ – 1 ಚಹಾ ಚಮಚ

ಇದನ್ನು ಎರಡು ಹೊತ್ತಿಗೆ ಹಂಚಿ ನೀಡಬೇಕು. ದೇಹತೂಕ ಏರಿದರೆ ಧಾನ್ಯವನ್ನು ಕಡಿಮೆ ಮಾಡಬೇಕು. ಇಳಿದರೆ ಒಟ್ಟು ಪ್ರಮಾಣವನ್ನು ಹೆಚ್ಚಿಸಬೇಕು. ಮನೆಯ ಆಹಾರದಲ್ಲಿ ಖನಿಜಗಳ ಕೊರತೆಯಾಗಬಹುದಾದ್ದರಿಂದ ನಾಯಿಗಳಿಗೆಂದೇ ಇರುವ ಪೂರಕವನ್ನು ಪಶುವೈದ್ಯರ ಸಲಹೆಯಂತೆ ಸೇರಿಸಬೇಕು. ಹಸುಗಳಿಗೆ ತಂದ ಖನಿಜ ಮಿಶ್ರಣವನ್ನು ನಾಯಿಗೆ ಹಾಕಬಾರದು. ಮಾಂಸ ಬಳಸದ ಮನೆಗಳಲ್ಲಿ ಮೊಟ್ಟೆ, ಮೊಸರು ಮತ್ತು ಮೆತ್ತಗೆ ಬೇಯಿಸಿದ ಬೇಳೆಯನ್ನು ಹೆಚ್ಚಿಸಬಹುದು. ಹಾಲಿನಿಂದ ಭೇದಿಯಾಗುವ ನಾಯಿಗೆ ಹಾಲನ್ನು ನಿಲ್ಲಿಸಬೇಕು.

ಬದಲಾವಣೆಯ ಕ್ರಮ: ಆಹಾರವನ್ನು ಒಮ್ಮೆಲೇ ಬದಲಿಸಿದರೆ ಭೇದಿಯಾಗಿ ತೊಂದರೆ ಹೆಚ್ಚುತ್ತದೆ. ಮೊದಲ 3 ದಿನ ಹೊಸ ಆಹಾರ ಕಾಲು ಭಾಗ, ಮುಂದಿನ 3 ದಿನ ಅರ್ಧ, ನಂತರದ 3 ದಿನ ಮುಕ್ಕಾಲು ಭಾಗ, 10ನೇ ದಿನದಿಂದ ಪೂರ್ಣವಾಗಿ ನೀಡಬೇಕು.

ಇಸಬ್ಗೋಲ್ ಹೊಟ್ಟು: ಮೇಲಿನ ಬದಲಾವಣೆಯ ನಂತರವೂ ಮಲ ಗಟ್ಟಿಯಾಗದಿದ್ದರೆ 10 ಕಿ.ಗ್ರಾಂಗಿಂತ ಕಡಿಮೆ ತೂಕದ ನಾಯಿಗೆ ದಿನಕ್ಕೆ ಅರ್ಧ ಚಹಾ ಚಮಚ, 10ರಿಂದ 20 ಕಿ.ಗ್ರಾಂ ತೂಕದ ನಾಯಿಗೆ 1 ಚಹಾ ಚಮಚದಷ್ಟು ಇಸಬ್ಗೋಲನ್ನು ನೀರಿನಲ್ಲಿ ನೆನೆಸಿ ಆಹಾರದಲ್ಲಿ ಬೆರೆಸಬಹುದು. ಒಣಹೊಟ್ಟನ್ನು ನೇರವಾಗಿ ತಿನ್ನಿಸಬಾರದು. ಕುಡಿಯುವ ನೀರು ಸದಾ ಇರಬೇಕು. ನಾರಿನಾಂಶ ಅತಿಯಾದರೆ ಮಲ ಮತ್ತೆ ಸಡಿಲಗೊಳ್ಳಬಹುದು, ಮಲದ ರಾಶಿ ಹೆಚ್ಚಿ ಪೋಷಕಾಂಶಗಳ ಹೀರುವಿಕೆಯೂ ಕುಗ್ಗುತ್ತದೆ. ಆದ್ದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸಿ ಮಲವನ್ನು ನೋಡಿ ಹೊಂದಿಸಿಕೊಳ್ಳಬೇಕು.

ನೀಡಬಾರದ ಪದಾರ್ಥಗಳು: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ, ಉಳಿದ ಸಾರು, ಹುಳಿಯಲ್ಲಿ ಇವೆರಡೂ ಇರುತ್ತವೆಂಬುದನ್ನು ಮರೆಯಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷಕಾರಿ. ಬೇಯಿಸಿದ ಮೂಳೆ ಸೀಳಿ ಕರುಳನ್ನು ಗಾಯಗೊಳಿಸಬಹುದು. ಕುರಿ, ಮೇಕೆಗಳನ್ನು ಕಡಿದಾಗ ಹಸಿ ಶ್ವಾಸಕೋಶ, ಯಕೃತ್ತನ್ನು ನಾಯಿಗೆ ಎಸೆಯಬಾರದು; ಅವುಗಳಲ್ಲಿರುವ ನೀರ್ಗುಳ್ಳೆಗಳಿಂದ ನಾಯಿಗೆ ಲಾಡಿಹುಳು ತಗುಲಿ, ಅದರ ಮೊಟ್ಟೆಗಳಿಂದ ಮನುಷ್ಯರಿಗೂ ನೀರ್ಗುಳ್ಳೆ ರೋಗ ಬರುತ್ತದೆ.

ನಿತ್ಯದ ಆರೈಕೆ

• ದಿನವಿಡೀ ಸರಪಳಿಯಲ್ಲಿ ಕಟ್ಟಿದ ನಾಯಿಯನ್ನು ಬೆಳಿಗ್ಗೆ, ಸಂಜೆ ತಲಾ ಅರ್ಧ ಗಂಟೆ ನಡೆಸಬೇಕು.
• ಪಕ್ಕೆಲುಬುಗಳು ಕೈಗೆ ಸುಲಭವಾಗಿ ತಾಗುವಂತೆ ದೇಹತೂಕವನ್ನು ಕಾಯ್ದುಕೊಳ್ಳಬೇಕು. ಮುಧೋಳ ತಳಿಯ ಸಹಜ ಸಣಕಲು ಮೈಕಟ್ಟನ್ನು ಸೊರಗಿದೆಯೆಂದು ತಪ್ಪು ತಿಳಿದು ಕೊಬ್ಬಿಸಬಾರದು.
• ವಾರಕ್ಕೊಮ್ಮೆ ಬಾಲವನ್ನೆತ್ತಿ ಊತ, ಕೆಂಪು, ಸ್ರಾವ ಅಥವಾ ಗಾಯವಿದೆಯೇ ಎಂದು ನೋಡಬೇಕು.
• ಭೇದಿಯಾದಾಗ ಗುದಭಾಗವನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒರೆಸಬೇಕು.
• ಜಂತುನಾಶಕ ಹಾಗೂ ಚಿಗಟ ನಿಯಂತ್ರಣವನ್ನು ಪಶುವೈದ್ಯರು ಸೂಚಿಸಿದ ಅವಧಿಗೆ ತಪ್ಪದೆ ಮಾಡಿಸಬೇಕು.

ಗ್ರಂಥಿಯನ್ನು ಒತ್ತಿ ಖಾಲಿ ಮಾಡುವ ಕುರಿತು

ತೊಂದರೆಯಿಲ್ಲದ ನಾಯಿಯ ಗ್ರಂಥಿಗಳನ್ನು ಒತ್ತುವ ಅಗತ್ಯವಿಲ್ಲ. ಪದೇ ಪದೇ ಒತ್ತುವುದರಿಂದ ಚೀಲಕ್ಕೆ ಪೆಟ್ಟಾಗಿ ಉರಿಯೂತ ಹುಟ್ಟಬಹುದು. ಕಟ್ಟಿಕೊಂಡಿರುವುದು ಖಚಿತವಾದಾಗ ಪಶುವೈದ್ಯರೇ ಕೈಗವಸು ಧರಿಸಿ ಖಾಲಿ ಮಾಡುವುದು ಸೂಕ್ತ. ಮನೆಯಲ್ಲಿ ಮಾಡಲೇಬೇಕಾದ ಸಂದರ್ಭದಲ್ಲಿ ವೈದ್ಯರಿಂದ ಪ್ರತ್ಯಕ್ಷವಾಗಿ ಕಲಿತಿರಬೇಕು. ಊತ, ಬಿಸಿ, ರಕ್ತ ಅಥವಾ ಕೀವು ಇದ್ದಾಗ ಒತ್ತಲೇಬಾರದು.

ನೋವಿರುವ ನಾಯಿಯು ಸಾಕಿದವರನ್ನೂ ಕಚ್ಚುತ್ತದೆ. ಮುಟ್ಟುವ ಮೊದಲು ಬಾಯಿಕುಕ್ಕೆ ಹಾಕಿ, ಒಬ್ಬರು ತಲೆಯನ್ನು ಹಿಡಿದುಕೊಳ್ಳಬೇಕು. ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ನಾಯಿಗೆ ಲಸಿಕೆ ಹಾಕಿಸಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ನಂತರ ಆ ರೋಗದಿಂದ ಬದುಕುಳಿಯುವುದು ಅತ್ಯಂತ ವಿರಳ.

ಮಾಡಬಾರದ ಕೆಲಸಗಳು

• ಗಾಯಕ್ಕೆ ಫಿನೈಲ್, ಸೀಮೆಎಣ್ಣೆ, ಸುಣ್ಣ ಅಥವಾ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಹಾಕಬಾರದು. ಇವು ಚರ್ಮವನ್ನು ಸುಡಬಹುದು. ನಾಯಿ ನೆಕ್ಕಿದಾಗ ಹೊಟ್ಟೆಗೆ ಸೇರಿ ಪ್ರಾಣಕ್ಕೆ ಎರವಾಗಬಹುದು.
• ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೋಫೆನಾಕ್ ನೀಡಬಾರದು. ಇವು ಜಠರದಲ್ಲಿ ಹುಣ್ಣು ಮತ್ತು ಮೂತ್ರಪಿಂಡದ ಹಾನಿಗೆ ಕಾರಣವಾಗುತ್ತವೆ.
• ಕೀವುಗಡ್ಡೆಯನ್ನು ಸೂಜಿ, ಬ್ಲೇಡುಗಳಿಂದ ಚುಚ್ಚಬಾರದು.

ಪಶುವೈದ್ಯರ ಚಿಕಿತ್ಸೆ

ಎರಡು, ಮೂರನೆಯ ಹಂತಗಳಲ್ಲಿ ಆಹಾರ ಬದಲಾವಣೆಯೊಂದೇ ಸಾಲದು. ವೈದ್ಯರು ಗ್ರಂಥಿಯನ್ನು ತೊಳೆದು, ಅಗತ್ಯವಿದ್ದಲ್ಲಿ ಕೀವು ತೆಗೆದು, ಪ್ರತಿಜೀವಕ ಮತ್ತು ನೋವು ನಿವಾರಕಗಳನ್ನು ನೀಡುತ್ತಾರೆ. ವೈದ್ಯರು ಸೂಚಿಸಿದರೆ ಬೆಚ್ಚನೆಯ ಒದ್ದೆಬಟ್ಟೆಯ ಶಾಖವನ್ನು ದಿನಕ್ಕೆ 2–3 ಬಾರಿ, 10 ನಿಮಿಷಗಳಂತೆ ಕೊಡಬಹುದು. ನಾಯಿ ಗಾಯವನ್ನು ನೆಕ್ಕದಂತೆ ಕುತ್ತಿಗೆಗೆ ಕಾಲರ್ ಹಾಕಬೇಕು. ಎಷ್ಟೇ ಆರೈಕೆ ಮಾಡಿದರೂ ಮರುಕಳಿಸುವ ನಾಯಿಗಳಲ್ಲಿ ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗುತ್ತದೆ. ಇದರಿಂದ ಮಲದ ಹಿಡಿತ ತಪ್ಪುವ ಸಂಭವವೂ ಇರುವುದರಿಂದ ಅನುಭವಿ ಶಸ್ತ್ರವೈದ್ಯರಲ್ಲಿಯೇ ಮಾಡಿಸುವುದು ಒಳಿತು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರ ಮನೆಗೆ ಭೇಟಿ ನೀಡಿದಾಗ ನಾಯಿಯ ಕುರಿತು ಮೂರು ಪ್ರಶ್ನೆಗಳನ್ನು ಕೇಳಿರಿ: ನಿತ್ಯ ಏನು ತಿನ್ನುತ್ತದೆ? ಮಲ ಹೇಗಿದೆ? ರೇಬೀಸ್ ಲಸಿಕೆಯನ್ನು ಕೊನೆಯದಾಗಿ ಯಾವಾಗ ಹಾಕಿಸಿದ್ದೀರಿ? ಮೊದಲೆರಡು ಉತ್ತರಗಳಿಂದ ಆಹಾರ ಸಲಹೆ ನೀಡಲು ಸಾಧ್ಯವಾಗುತ್ತದೆ. ಮೂರನೆಯದರಿಂದ ಇಡೀ ಕುಟುಂಬದ ಸುರಕ್ಷತೆ ತಿಳಿಯುತ್ತದೆ. ಊತ, ಕೀವು, ರಕ್ತಸ್ರಾವ ಅಥವಾ ಹುಳು ಬಿದ್ದ ಗಾಯ ಕಂಡಲ್ಲಿ ಅಂದೇ ಸಮೀಪದ ಪಶು ಚಿಕಿತ್ಸಾಲಯಕ್ಕೆ ಕಳುಹಿಸಬೇಕು. ಪಶುಸಂಗೋಪನಾ ಇಲಾಖೆಯ 1962 ಸಹಾಯವಾಣಿಯ ಮೂಲಕವೂ ಮಾರ್ಗದರ್ಶನ ಪಡೆಯಬಹುದು.