ಗ್ರಾಚ್ಯುಟಿ: ಮಾಲೀಕರ ಉಡುಗೊರೆ ಕೆಲಸಗಾರರ ಹಕ್ಕಾದ ಕಥೆ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅದರ ಬೆನ್ನಲ್ಲೇ ‘ಇನ್ನು ಒಂದೇ ವರ್ಷಕ್ಕೆ ಎಲ್ಲರಿಗೂ ಗ್ರಾಚ್ಯುಟಿ’ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಇದು ಅರ್ಧ ಮಾತ್ರ ನಿಜ. ಅದನ್ನೇ ನಂಬಿ ಯಾರಾದರೂ ನಾಲ್ಕು ವರ್ಷಕ್ಕೇ ಗಾರ್ಮೆಂಟ್ಸ್ ಕೆಲಸ ಬಿಟ್ಟರೆ, ಇನ್ನೊಂದು ವರ್ಷ ತಡೆದಿದ್ದರೆ ಬರುತ್ತಿದ್ದ ದುಡ್ಡು ಕೈತಪ್ಪಿ ಹೋಗುತ್ತದೆ. ಹಾಗಾಗಿ ಈ ದುಡ್ಡು ಎಲ್ಲಿಂದ ಬಂತು, ಯಾರಿಗೆ ಸೇರುತ್ತದೆ ಎಂದು ಮೊದಲಿಂದ ನೋಡೋಣ.

ಗ್ರಾಚ್ಯುಟಿ ಎಂದರೆ ಇಂಗ್ಲಿಷಿನಲ್ಲಿ ಖುಷಿಯಿಂದ ಕೊಡುವ ಇನಾಮು. ನಮ್ಮ ಸರ್ಕಾರಿ ಕನ್ನಡದಲ್ಲಿ ಅದಕ್ಕೆ ‘ಉಪದಾನ’ ಎನ್ನುತ್ತಾರೆ. ಅಲ್ಲೂ ‘ದಾನ’ ಕೂತಿದೆ. ಹಿಂದೆ ಇದ್ದದ್ದೂ ಹಾಗೆಯೇ. ಬಹುಕಾಲ ದುಡಿದವರು ಕೆಲಸ ಬಿಡುವಾಗ ಮಾಲೀಕರು ಮನಸ್ಸು ಬಂದರೆ ಕೊಡುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಕಾರ್ಮಿಕ ಸಂಘ ಗಟ್ಟಿಯಾಗಿದ್ದ ಕಾರ್ಖಾನೆಗಳಲ್ಲಿ ಮಾತ್ರ ಒಪ್ಪಂದದಿಂದಲೋ ಕೈಗಾರಿಕಾ ನ್ಯಾಯಮಂಡಳಿಯ ತೀರ್ಪಿನಿಂದಲೋ ಸಿಗುತ್ತಿತ್ತು.

1955ರಲ್ಲಿ ಪತ್ರಕರ್ತರಿಗಾಗಿ ಬಂದ ಕೇಂದ್ರ ಕಾಯ್ದೆಯಲ್ಲಿ ಗ್ರಾಚ್ಯುಟಿ ಸೇರಿತು. ಮೂರು ವರ್ಷ ದುಡಿದು ತಾವಾಗಿಯೇ ರಾಜೀನಾಮೆ ಕೊಟ್ಟವರಿಗೂ ಕೊಡಬೇಕು ಎಂದು ಅದರಲ್ಲಿತ್ತು. ಪತ್ರಿಕೆಗಳ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1958ರಲ್ಲಿ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣದಲ್ಲಿ ಕೋರ್ಟು ಆ ಭಾಗವನ್ನು ರದ್ದು ಮಾಡಿತು. ಅಷ್ಟು ಕಡಿಮೆ ಸೇವೆಗೆ, ಅದೂ ತಾವೇ ಬಿಟ್ಟು ಹೋಗುವವರಿಗೆ ಕೊಡುವುದು ಮಾಲೀಕರ ಮೇಲೆ ಹೊರೆ ಎಂಬುದು ಅದರ ನಿಲುವು.

ಆದರೆ ಮೂರೇ ವರ್ಷದಲ್ಲಿ ಮಾತಿನ ಧಾಟಿ ಬದಲಾಯಿತು. 1961ರಲ್ಲಿ ಬೊಂಬಾಯಿಯ ಗಾರ್ಮೆಂಟ್ ಕ್ಲೀನಿಂಗ್ ವರ್ಕ್ಸ್ ಎಂಬ ಸಂಸ್ಥೆಯ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಗ್ರಾಚ್ಯುಟಿ ಬರೀ ಔದಾರ್ಯದ ಕೊಡುಗೆಯಲ್ಲ, ಸಲ್ಲಿಸಿದ ಸೇವೆಗೆ ಸಿಗಬೇಕಾದದ್ದು ಎಂದಿತು. ದಾನ ಹಕ್ಕಾಗತೊಡಗಿದ್ದು ಇಲ್ಲಿಂದ.

ಮುಂದೆ 1970ರಲ್ಲಿ ಕೇರಳ, 1971ರಲ್ಲಿ ಪಶ್ಚಿಮ ಬಂಗಾಳ ತಮ್ಮದೇ ಕಾನೂನು ಮಾಡಿದವು. ರಾಜ್ಯಕ್ಕೊಂದು ನಿಯಮ ಆಗಬಾರದೆಂದು ಕೇಂದ್ರ ಎಚ್ಚೆತ್ತುಕೊಂಡಿತು. ಗ್ರಾಚ್ಯುಟಿ ಪಾವತಿ ಕಾಯ್ದೆ 1972ರ ಸೆಪ್ಟೆಂಬರ್ 16ರಂದು ದೇಶದಲ್ಲಿ ಜಾರಿಗೆ ಬಂತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ಐದು ವರ್ಷ ಸತತ ಸೇವೆ ಮಾಡಿದವರಿಗೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಕೊಡಬೇಕು. ಕೆಲಸಗಾರರು ತೀರಿಕೊಂಡರೆ ಅಥವಾ ಕೈಕಾಲು ಊನವಾಗಿ ದುಡಿಯಲಾಗದೆ ಹೋದರೆ ಐದು ವರ್ಷದ ಷರತ್ತು ಇಲ್ಲ.

ಲೆಕ್ಕದ ಮೇಲೂ ಜಗಳ ನಡೆಯಿತು. ಒಂದು ದಿನದ ಕೂಲಿ ತೆಗೆಯಲು ತಿಂಗಳ ಸಂಬಳವನ್ನು 30ರಿಂದ ಭಾಗಿಸಬೇಕೋ, ವಾರದ ರಜೆ ಬಿಟ್ಟು 26ರಿಂದಲೋ? ಸುಪ್ರೀಂ ಕೋರ್ಟು 26ರ ಲೆಕ್ಕವನ್ನು ಎತ್ತಿಹಿಡಿಯಿತು, 1987ರ ತಿದ್ದುಪಡಿಯಲ್ಲಿ ಅದು ಕಾನೂನಿಗೂ ಸೇರಿತು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಇದೆ ಅನ್ನಿ. 26ರಿಂದ ಭಾಗಿಸಿದರೆ ದಿನಕ್ಕೆ 500, ವರ್ಷಕ್ಕೆ 7,500. ಆರು ವರ್ಷಕ್ಕೆ 45,000. ಅದೇ 30ರಿಂದ ಭಾಗಿಸಿದ್ದರೆ 39,000. ಆ ಒಂದು ಅಂಕಿಯಿಂದಲೇ 6,000 ರೂಪಾಯಿ ವ್ಯತ್ಯಾಸ.

ಇಷ್ಟಾದರೂ ಕೆಲವರು ಹೊರಗೇ ಉಳಿದರು. ಶಾಲಾ ಶಿಕ್ಷಕರು ಈ ಕಾಯ್ದೆಯ ‘ನೌಕರ’ರಲ್ಲ ಎಂದು 2004ರಲ್ಲಿ ತೀರ್ಪು ಬಂತು. ಸಂಸತ್ತು 2009ರಲ್ಲಿ ತಿದ್ದುಪಡಿ ಮಾಡಿ ಅವರನ್ನು ಒಳಗೆ ತಂದಿತು. ಅಂಗನವಾಡಿಯವರಿಗೆ ಕೊಡುವುದು ಸಂಬಳವಲ್ಲ, ಗೌರವಧನ ಎಂಬ ವಾದ ಬಹಳ ಕಾಲ ನಡೆಯಿತು. ಗುಜರಾತಿನ ಕಾರ್ಯಕರ್ತೆಯರು, ಸಹಾಯಕಿಯರು ಕೋರ್ಟಿಗೆ ಹೋದರು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಅವರಿಗೂ 1972ರ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಹೆಸರು ಗೌರವಧನವಾದರೂ ಅದು ದುಡಿಮೆಗೆ ಕೊಟ್ಟ ಕೂಲಿಯೇ.

ಮಾಲೀಕರೇ ಬಾಗಿಲು ಮುಚ್ಚಿ ಹೋದರೆ? ಅದಕ್ಕೆಂದೇ ಗ್ರಾಚ್ಯುಟಿಗೆ ಕಡ್ಡಾಯ ವಿಮೆಯ ವಿಧಿ 1987ರಲ್ಲೇ ಕಾಯ್ದೆಗೆ ಸೇರಿತ್ತು. ಕರ್ನಾಟಕ ಅದಕ್ಕೆ ನಿಯಮ ಮಾಡಿದ್ದು 2024ರ ಜನವರಿಯಲ್ಲಿ. ಈ ದುಡ್ಡನ್ನು ಮಾಲೀಕರು ಮೊದಲೇ ವಿಮೆಯಲ್ಲಿ ಭದ್ರ ಮಾಡಿಡಬೇಕು ಎಂಬುದು ಅದರ ಉದ್ದೇಶ.

ಈಗ 1972ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇದರಲ್ಲಿ ಗಮನಿಸಬೇಕಾದದ್ದು ಮೂರು. ಒಂದು, ‘ಇಷ್ಟು ಅವಧಿಗೆ’ ಎಂದು ಬರೆದುಕೊಟ್ಟ ನಿಗದಿತ ಅವಧಿಯ ನೌಕರರಿಗೆ ಐದು ವರ್ಷ ಬೇಕಿಲ್ಲ. ಒಂದು ವರ್ಷಕ್ಕೇ ಸಿಗುತ್ತದೆ ಎಂದು ಕೇಂದ್ರ ಹೇಳಿರುವುದು ಇವರ ಬಗ್ಗೆ ಮಾತ್ರ. ಎರಡು, ಉಳಿದವರು ರಾಜೀನಾಮೆ ಕೊಟ್ಟರೆ ಹಳೆಯ ಐದು ವರ್ಷವೇ ಲೆಕ್ಕ. ಪತ್ರಕರ್ತರಿಗೆ ಮಾತ್ರ ಮೂರು ವರ್ಷ. 1958ರಲ್ಲಿ ಹೊರೆ ಅನ್ನಿಸಿದ್ದ ಅದೇ ಮೂರು. ಮೂರು, ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಭಾಗವೂ ವೇತನವೆಂದೇ ಲೆಕ್ಕ. ಮೂಲ ವೇತನ ಕಡಿಮೆ ತೋರಿಸಿ ಗ್ರಾಚ್ಯುಟಿ ಇಳಿಸುವುದು ಇನ್ನು ಕಷ್ಟ.

ಹಾಗಾಗಿ ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ ಕೇಳಿ ಪಡೆಯಿರಿ, ಅದರಲ್ಲಿ ಅವಧಿ ಬರೆದಿದೆಯೇ ನೋಡಿ. ಸಂಬಳದ ಚೀಟಿ, ಪಿಎಫ್ ನಂಬರ್, ಗುರುತಿನ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಐದು ವರ್ಷ ತುಂಬುವ ಮುಂಚೆ ‘ರಾಜೀನಾಮೆ ಕೊಟ್ಟು ಮತ್ತೆ ಸೇರಿಕೊಳ್ಳಿ’ ಎಂದರೆ ಸಹಿ ಹಾಕುವ ಮೊದಲು ಯೋಚಿಸಿ, ಹಳೆಯ ಸೇವೆ ಅಲ್ಲಿಗೇ ತುಂಡಾಗಬಹುದು. ಕೆಲಸ ಬಿಟ್ಟಮೇಲೆ 30 ದಿನದಲ್ಲಿ ದುಡ್ಡು ಬರಬೇಕು. ತಡವಾದರೆ ಬಡ್ಡಿ ಸೇರುತ್ತದೆ. ಬರದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು.

ಈ ಕಥೆಯಲ್ಲಿ ಕೇಳದೆ ಸಿಕ್ಕಿದ್ದು ಕಡಿಮೆ. ಗಿರಣಿಯವರು ಕೇಳಿದರು, ಶಿಕ್ಷಕರು ಕೇಳಿದರು, ಅಂಗನವಾಡಿ ಹೆಣ್ಣುಮಕ್ಕಳು ಕೇಳಿದರು. ಗ್ರಾಚ್ಯುಟಿ ಕೇಳಲು ಹೋದಾಗ ಯಾರಿಗೂ ಸಂಕೋಚ ಬೇಡ. ಅದು ನೀವು ಆಗಲೇ ದುಡಿದು ಮುಗಿಸಿದ ದುಡ್ಡು.